ಚಿತ್ರಾನ್ನದಲ್ಲಿ ಉಜ್ಜಿದ ದಾರ

ಹೊಳೇನರಸೀಪುರ
೧೮-೧೧-೨೦೨೪, ಕಾರ್ತಿಕ ಸೋಮವಾರ

ಪ್ರೀತಿಯ ಪಾರ್ವತಿಗೆ,

ಅನಸೂಯಳ ನೆನಪುಗಳು, ಜೊತೆಗೊಂದು ಬೈಗುಳ. ಫೋನ್ ಮಾಡಿದಾಗಲೆಲ್ಲ ನಿನ್ನ ಸೊಸೆ ಎತ್ತಿ, ಅತ್ತೆ ಮಲಗಿದ್ದಾರೆ ಅನ್ನುತ್ತಾಳೆ. ನಿಮ್ಮ ಯಜಮಾನರು ಮನೋಹರಣ್ಣ ತೀರಿಕೊಂಡ ಮೇಲೆ ನೀನು ಚನ್ನರಾಯಪಟ್ಟಣದ ಆ ಮನೆಯ ಹೊಸ್ತಿಲು ದಾಟಿಲ್ಲವಂತೆ. ಮಲಗಿದವರು ಕಾಗದವನ್ನಾದರೂ ಓದಬಹುದು ಅಂತ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಎದೆಯಲ್ಲಿ ಒಂದು ಗಂಟು ಕಂಡಿದೆ. ಬರುವ ವಾರ ಬುಧವಾರ ಹಾಸನದ ಆಸ್ಪತ್ರೆಯಲ್ಲಿ ತೆಗೆಯುತ್ತಾರೆ. ಅದಕ್ಕೆ ಮುಂಚೆ ನಿನ್ನನ್ನು ಒಂದು ಮಾತು ಕೇಳಬೇಕು. ಆದರೆ ಗಾಬರಿಯಲ್ಲಿ ಓದಬೇಡ. ಮೊದಲು ನಮ್ಮ ಮನೆಯ ಜಗಳ ಕೇಳು.

ನಿನ್ನೆ ಸಂಜೆ ಡೈರಿಗೆ ಹಾಲು ಹಾಕಿ ಬಂದು ನಮ್ಮವರು ಜಗಲಿಯಲ್ಲಿ ಕೂತಿದ್ದರು. ಮಗ ಸಂಜಯ್ ಮೊಬೈಲಿನಲ್ಲಿ ಅಮೆರಿಕದ ಫುಟ್‌ಬಾಲ್ ಹಾಕಿದ್ದ. ಹೆಸರಿಗೆ ಫುಟ್‌ಬಾಲ್, ಆಡುವುದೆಲ್ಲ ಕೈಯಲ್ಲಿ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಿಂಬಿನಂಥದ್ದು, ಹೋರಿಗಳ ಹಾಗೆ ಗುದ್ದಾಡುತ್ತಾರೆ. ಚೆಂಡು ಹಿಡಿದು ನುಗ್ಗುವವರು ಒಂದು ಕಡೆ, ತಡೆಯುವವರು ಇನ್ನೊಂದು ಕಡೆ. ತಡೆಯುವುದರಲ್ಲಿ ಇಲ್ಲಿಯವರೆಗೆ ಯಾವ ತಂಡ ದೊಡ್ಡದು ಅಂತ ಅಲ್ಲಿಯ ಜನ ಇನ್ನೂ ಕಿತ್ತಾಡುತ್ತಾರಂತೆ. ಎಂಬತ್ತೈದರ ಶಿಕಾಗೊ ತಂಡವೇ ಅಂದ ಸಂಜಯ್. ಅವನ ಜೊತೆ ನೋಡಿ ನೋಡಿ ಪಂಡಿತನಾಗಿರುವ ನನ್ನ ಮೈದುನ ಗೌರೀಶಂಕರ, ಪಿಟ್ಸ್‌ಬರ್ಗ್‌ನವರ ಹಳೇ ತಂಡದ ಮುಂದೆ ಅವರೆಲ್ಲ ಏನು ಅಂದ.

ನಮ್ಮವರಿಗೆ ಸಹನೆ ಮೀರಿತು. "ಆ ದಿಂಬು ಕಟ್ಕಂಡು ಯಾರು ಬೇಕಾದ್ರೂ ತಡೀತಾರೆ ಕಣ್ಲಾ. ಬರೀ ಮೈಯಾಗೆ ತಡೀಬೇಕು. ನಮ್ಮೂರ ಕಬಡ್ಡಿ ಟೀಮಿನ ಹಿಡಿತ ಯಾವನಿಗೈತೆ?" ಅಂದರು.

"ಮಲ್ಲಿಪಟ್ಟಣದೋರಿಗೈತೆ. ಅವರ ಕೈಗೆ ಸಿಕ್ಕಿದ್ರೆ ನಮ್ಮೋರು ಗೆರೆ ಮುಟ್ಟಾಕಾಯ್ತಿತ್ತಾ ಅಣ್ಣ?" ಅಂದ ಗೌರೀಶಂಕರ.

"ನೋಡ್ಲಾ ಸಂಜಯ, ಎಂಡ್ತಿ ಊರ್ನ ಬಿಟ್ಕೊಡ್ತಾನಾ ಇವನು?"

ನಾನು ಕಾಫಿ ಕೊಡುತ್ತಾ ಸುಮ್ಮನಿರಲಾರದೆ, "ಇಡಿಯೋದ್ರಲ್ಲಿ ದುದ್ದದ ಹೈಸ್ಕೂಲ್ ಎಣ್ಮಕ್ಕಳ ಟೀಮೇ ಮೇಲು. ಮಲ್ಲಿಪಟ್ಟಣದೋರ್ನ ಕೆಡವಿದ್ದು ನಾವು" ಅಂದೆ.

ನಮ್ಮವರು ಲೋಟ ಕೆಳಗಿಟ್ಟರು. "ನೀನು ಕಬಡ್ಡಿ ಆಡಿದ್ಯಾ?" ಅಂದರು. ಕೇಳಿದ್ದರೆ ತಾನೆ ಹೇಳುವುದು ಅಂದೆ. ಗೌರೀಶಂಕರ ನಕ್ಕು, "ಅದ್ಕೇ ಅಣ್ಣ, ಮದ್ವೆ ಆದಾಗ್ಲಿಂದ ನಿಂಗೆ ತಪ್ಪಿಸ್ಕಳಾಕಾಗಿಲ್ಲ" ಅಂದ.

ಆಗಿನಿಂದ ನನಗೆ ಆ ಅಂಕಣವೇ ಕಣ್ಣಿಗೆ ಕಟ್ಟಿದೆ. ಹಸು ಕರೆಯಲು ಕೂತರೆ, ಪಾತ್ರೆಗೆ ಬೀಳುವ ಹಾಲಿನ ಸದ್ದೇ ಕಬಡ್ಡಿ ಕಬಡ್ಡಿ ಅಂತ ಕೇಳುತ್ತದೆ. ಸುಣ್ಣದ ಗೆರೆ, ಇಳಿಬಿಸಿಲು, ಎದ್ದು ನಿಂತ ಕೆಂಪು ಧೂಳು. ಆ ಧೂಳಿನೊಳಗೆ ಉದ್ದ ಕಾಲಿನ ಆ ಮಲ್ಲಿಪಟ್ಟಣದ ಹುಡುಗಿ ಹೊಳೆಯಲ್ಲಿ ಮೀನು ಸುಳಿಯುವ ಹಾಗೆ ಸುಳಿದು ಬರುತ್ತಾಳೆ. ಎಡಮೂಲೆಯಲ್ಲಿ ನಾನು, ನನ್ನ ಪಕ್ಕದಲ್ಲಿ ನೀನು. ನಾನು ಯಾವಾಗಲೂ ಅವಸರದವಳು, ಕಾಲು ಕಂಡ ಕೂಡಲೆ ಹಾರುವವಳು. ನೀನು ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಿರುತ್ತಿದ್ದೆ. ನಿನ್ನ ಹಿಡಿತ ಸಡಿಲವಾದರೆ ಮಾತ್ರ ನಾನು ಹೋಗಬೇಕು. ಅವಳ ಉಸಿರು ಸಣ್ಣಗಾಗುತ್ತಾ ಬಂತು. ಇನ್ನೂ ಬಿಡಲಿಲ್ಲ ನೀನು. ಅವಳು ತಿರುಗಿದಳು. ಆಗ ಬಿಟ್ಟೆ.

ಆಟಕ್ಕೆ ಮುಂಚೆ ನಡೆದದ್ದು ನಿನಗೆ ನೆನಪಿದೆಯೋ ಇಲ್ಲವೋ. ಬಳೆ ತೆಗೆಯದೆ ಆಡುವ ಹಾಗಿಲ್ಲ ಅಂದರು ಮೇಷ್ಟರು. ಬೋಳುಗೈಯಲ್ಲಿ ಹೊರಗೆ ಕಾಲಿಟ್ಟರೆ ಕೇಡು ಅಂತ ನಮ್ಮಜ್ಜಿ ಹೇಳಿದ್ದು ಮನಸ್ಸಿನಲ್ಲಿತ್ತು. ನಾನು ಅಳುತ್ತಾ ಗೆರೆಯ ಆಚೆ ನಿಂತೆ. ನೀನು ನಿನ್ನ ಜಡೆಯ ಕನಕಾಂಬರದ ಮಾಲೆಯಿಂದ ದಾರ ಬಿಚ್ಚಿಕೊಂಡೆ. ಬುತ್ತಿಯಲ್ಲಿದ್ದ ಚಿತ್ರಾನ್ನಕ್ಕೆ ಅದನ್ನು ಉಜ್ಜಿ, ಅರಿಶಿನ ಹತ್ತಿತಲ್ಲ ಸಾಕು ಬಾ ಅಂತ ಮಣಿಕಟ್ಟಿಗೆ ಕಟ್ಟಿದೆ. ಆಟ ಮುಗಿದ ಮೇಲೂ ಅದರಲ್ಲೊಂದು ಸಾಸಿವೆ ಕಾಳು ಅಂಟಿಕೊಂಡೇ ಇತ್ತು.

ಈಗ ಆಸ್ಪತ್ರೆಯ ನರ್ಸಮ್ಮ ಅದೇ ಮೇಷ್ಟರ ಮಾತು ಹೇಳಿದ್ದಾಳೆ. ಬಳೆ, ಕಾಲುಂಗುರ, ಮಾಂಗಲ್ಯ ಏನೂ ಮೈಮೇಲೆ ಇರಬಾರದಂತೆ. ಚಾಕುವಿಗೆ ನಾನು ಹೆದರಲಿಲ್ಲ ಪಾರ್ವತಿ, ಇದಕ್ಕೆ ಹೆದರಿದೆ. ಆಗಲ್ಲ ಅಂತ ಎದ್ದು ಬರುವವಳಿದ್ದೆ. ಕೈಗೆ ಒಂದು ದಾರ ಕಟ್ಟಿಕೊಂಡರೆ ಅಡ್ಡಿಯಿಲ್ಲ ಅಂತ ಅವಳೇ ಹೇಳಿದ್ದಕ್ಕೆ ಒಪ್ಪಿದೆ. ಮಾರಮ್ಮನ ಗುಡಿಯಲ್ಲಿ ಹೂವು ಕೇಳಿದೆ. ತುಂಬ ಹೊತ್ತು ಸತಾಯಿಸಿ, ಕಡೆಗೆ ಬಲಗಡೆಯಿಂದ ಕೊಟ್ಟಳು.

ಆ ಅರಿಶಿನದ ದಾರವನ್ನು ಮುತ್ತೈದೆಯ ಕೈಯಲ್ಲಿ ಕಟ್ಟಿಸಿಕೊಳ್ಳಬೇಕು, ತಾನೇ ಬರುತ್ತೇನೆ ಅಂತ ನನ್ನ ನಾದಿನಿ ಹೇಳಿದ್ದಾಳೆ. ಒಳ್ಳೆಯವಳು. ಆದರೆ ನನಗೆ ನಿನ್ನ ಕೈ ಬೇಕು. ನೀನು ಏನು ಅನ್ನುತ್ತೀಯ ಅಂತ ಗೊತ್ತು. ನನ್ನ ಕೈ ಇನ್ನು ಶುಭಕ್ಕೆ ಆಗದು ಕಣೇ ಅನ್ನುತ್ತೀಯ. ಯಾರ ಮನೆಯ ಅರಿಶಿನ ಕುಂಕುಮಕ್ಕೂ ಹೋಗದೆ ಗೋಡೆ ಕಡೆ ಮುಖ ಮಾಡಿ ಮಲಗಿರುವುದೂ ಅದಕ್ಕೇ. ನಾನು ಆಚಾರ ಬಿಟ್ಟವಳಲ್ಲ, ನಿನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ. ನೀನು ಕಟ್ಟಿದರೆ ನಾನು ಒಳಗೆ ಹೋಗುತ್ತೇನೆ. ಇಲ್ಲದಿದ್ದರೆ ಆ ಬಾಗಿಲಿನಲ್ಲಿ ನನ್ನ ಕಾಲು ಏಳುವುದಿಲ್ಲ. ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ಬಿಡಬೇಕು ಅಂತ ತಿಳಿದವಳು ನೀನೊಬ್ಬಳೇ.

ಬುಧವಾರ ಬೆಳಿಗ್ಗೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಚನ್ನರಾಯಪಟ್ಟಣದ ಬಸ್ಸು ನಿಲ್ಲುವ ಕಡೆ ಸಂಜಯ್ ಕಾದಿರುತ್ತಾನೆ. ನನಗೆ ಊಟ ನಿಷೇಧ. ಆದರೂ ಚಿತ್ರಾನ್ನ ಮಾಡಿಕೊಂಡು ಬಾ, ಸಾಸಿವೆ ಮರೆಯಬೇಡ. ದಾರ ನಾನು ತರುತ್ತೇನೆ.

ನಿನ್ನ ಎಡಮೂಲೆಯವಳು,
ಅನಸೂಯ

ತಾಜಾ ಕಲಂ: ಮಾರಮ್ಮ ಹೂವು ಕೊಟ್ಟಳು ಅಂದೆನಲ್ಲ, ನಾನು ಕೇಳಿದ್ದು ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ ಅಂತ ಅಷ್ಟೆ. ಯಾರ ಕೈಯಿಂದ ದಾರ ಕಟ್ಟಿಸಿಕೊಳ್ಳಲಿ ಅಂತಲೂ ಕೇಳಮ್ಮ ಅಂದರು ಪೂಜಾರಪ್ಪ. ಅದನ್ನು ಕೇಳುವುದೇನಿದೆ ಅಂತ ಕಾಯಿ ಒಡೆಸಿಕೊಂಡು ಬಂದುಬಿಟ್ಟೆ.