ಮಠದ ಬಾಗಿಲಲ್ಲಿ ಇಪ್ಪತ್ತೆರಡು ಯೂರೋ

ಗ್ರೇಂಜ್‌ಕ್ಯಾರೊ
೯ ಸೆಪ್ಟೆಂಬರ್ ೨೦೨೪

ಸೌಭಾಗ್ಯವತಿ ದ್ರಾಕ್ಷಾಯಿಣಿಗೆ,

ಮೊದಲು ಲೆಕ್ಕ, ಆಮೇಲೆ ಕುಶಲ. ಅಕ್ಕಿ, ಬೇಳೆ, ತರಕಾರಿ, ತುಪ್ಪ, ಗಸಗಸೆ ಎಲ್ಲ ಸೇರಿ ಸಾವಿರದ ಒಂಬೈನೂರ ನಲವತ್ತು ಯೂರೋ. ಟೆಂಟು, ಮೇಜು, ಕುರ್ಚಿಯ ಬಾಡಿಗೆ ಸಾವಿರದ ಆರುನೂರು. ಮೂವರು ಅಡಿಗೆಯವರಿಗೆ ಎರಡು ದಿನದ ಕೂಲಿ ಸಾವಿರದ ನೂರ ಐವತ್ತು. ಯಾರಾದರೂ ಹುಳಿಯ ಮೇಲೆ ಕಾಲಿಟ್ಟು ಜಾರಿ ಕೋರ್ಟಿಗೆ ಹೋದರೆ ಎಂದು ಇನ್ಶೂರೆನ್ಸ್ ಎಂಟುನೂರ ಐವತ್ತು. ನಿನ್ನ ಮಗಳು ತೇಜು ಬರೆದ ಪುಸ್ತಿಕೆ ಅಚ್ಚು ಹಾಕಿಸಿದ್ದು ಸಾವಿರದ ಮುನ್ನೂರು. ಒಟ್ಟು ಆರು ಸಾವಿರದ ಎಂಟುನೂರ ನಲವತ್ತು. ಇದು ನಿನ್ನ ಹರಕೆಯ ಖರ್ಚು.

ಹರಕೆ ತೀರಿತೇ ಎಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ "ಹೂಂ, ಎಲ್ಲಾ ಗ್ರ್ಯಾಂಡ್ ಆಗಿ ಆಯ್ತು" ಎಂದು ಹಾರಿಸುತ್ತ ಬಂದೆ. ಕ್ಷಮಿಸು. ಫೋನಿನಲ್ಲಿ ಹೇಳುವ ವಿಷಯವಲ್ಲ ಇದು. ನೀನು ಸ್ಪೀಕರ್ ಹಾಕುತ್ತೀ, ಪಕ್ಕದಲ್ಲಿ ನಿಮ್ಮಕ್ಕ ಶಕುಂತಲಾ ಕಿವಿ ಇಟ್ಟಿರುತ್ತಾಳೆ, ಸಂಜೆಯೊಳಗೆ ತುಮಕೂರಿನ ಅರ್ಧ ಊರಿಗೆ ಗೊತ್ತಾಗುತ್ತದೆ. ಇಲ್ಲಿ ನೋಡಿದರೆ ತೇಜು ಗೋಡೆಯಾಚೆ ಇರುತ್ತಾಳೆ. ಕರೀಮನ ಹೆಂಡತಿ ಶಮ್ಸುನ್ನೀಸಾ ಗುರುವಾರ ಬೆಂಗಳೂರಿಗೆ ಹೊರಟಿದ್ದಾಳೆ, ಅಲ್ಲಿಂದ ಪೋಸ್ಟ್ ಮಾಡುತ್ತಾಳೆ. ಒಬ್ಬಳೇ ಓದು. ಶಕುಂತಲಾಳ ಮಂಡಿ ಹೇಗಿದೆ? ಮೆಟ್ಟಿಲು ಹತ್ತಲು ಬಿಡಬೇಡ.

ಕಳೆದ ಚಳಿಗಾಲ ನೀನು ಡಬ್ಲಿನ್ ಆಸ್ಪತ್ರೆಯಲ್ಲಿ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಗ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಎದ್ದು ಮನೆಗೆ ಬಂದ್ರೆ ಒಂದಿನ ದಾಸೋಹ ಮಾಡಿಸ್ತೀನಿ. ಯಾರು ಬಂದ್ರೂ ಉಣ್ಬೇಕು, ನೀನ್ಯಾರು ಅಂತ ಒಬ್ರನ್ನೂ ಕೇಳಬಾರ್ದು." ಈ ದೇಶದಲ್ಲಿ ನಮ್ಮ ಮಠ ಎಲ್ಲಿಂದ ತರಲಿ ಎಂದು ನಾನು ಕೇಳಿದ್ದಕ್ಕೆ, ಮನೆಗೆ ಬಂದ ದಿನ ನೀನು ಅಡಿಗೆಮನೆಯ ಕಿಟಕಿಯಿಂದ ಎದುರಿನ ಪಾಳು ಗೋಡೆಗಳನ್ನು ತೋರಿಸಿದೆ. "ಅದೂ ಮಠಾನೇ ಅಲ್ವಾ. ಸೂರು ಬಿದ್ದೋದ್ರೆ ಏನಂತೆ."

ನಿನ್ನ ಮಾತು ಸರಿ ಎನಿಸಿತು. ನಾನು ಏಳನೇ ಕ್ಲಾಸಿನಿಂದ ಮಠದ ಹಾಸ್ಟೆಲಿನಲ್ಲಿ ಉಂಡು ಬೆಳೆದವನು. ಅಲ್ಲಿ ಪಂಕ್ತಿಯಲ್ಲಿ ಕೂತ ಮೇಲೆ ಎಲೆಗೆ ಅನ್ನ ಬೀಳುತ್ತಿತ್ತು, ಅಷ್ಟೇ. ಡಬ್ಲಿನ್ನಿನಲ್ಲಿ ಪಾತ್ರೆ ತೊಳೆಯಲು ಬಂದವನು ಈ ಊರಿನ ಪೆಟ್ರೋಲ್ ಬಂಕಿನ ಅಂಗಡಿ ಕೊಂಡು, ಇವತ್ತು ಸಿಟಿವೆಸ್ಟಿನ ಆಫೀಸುಗಳಿಗೆ ದಿನಾ ಊಟ ಕಳಿಸುತ್ತೇನೆ ಎಂದರೆ, ಅದರಲ್ಲಿ ಆ ಎಲೆಯ ಋಣ ಇದ್ದೇ ಇದೆ. ಈ ವರ್ಷವೇ ಇಲ್ಲಿನ ಮಠಕ್ಕೆ ಎಂಟುನೂರು ತುಂಬಿತು. ಊರಿನ ಹೆರಿಟೇಜ್ ಕಮಿಟಿ ಉತ್ಸವ ಮಾಡುತ್ತೇವೆ ಎಂದಿತು. ಅಧ್ಯಕ್ಷೆ ಡಿಂಪ್ನಾ ಹಾರ್ಟಿಗನ್, ನಿನಗೆ ಗೊತ್ತಲ್ಲ, ಬೆಳಿಗ್ಗೆ ಹಾಲು ಕೊಳ್ಳಲು ಬಂದು ನಮ್ಮ ಪೇಪರನ್ನು ನಿಂತೇ ಓದಿ ಮುಗಿಸುವ ನಿವೃತ್ತ ಹೆಡ್‌ಮಿಸ್. ಅವಳ ಹತ್ತಿರ ಹೋಗಿ, ಆ ದಿನದ ಊಟ ನನ್ನದು, ಬಂದವರಿಗೆಲ್ಲ ಬಡಿಸುತ್ತೇನೆ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಹದಿನಾರು ವರ್ಷದಲ್ಲಿ ಅದೇ ಮೊದಲು.

ಈಗ ಪುಸ್ತಿಕೆಯ ವಿಷಯ. ತೇಜುವಿನ ಮೊದಲ ಕರಡು ಚೆನ್ನಾಗಿತ್ತು ಕಣೇ. ಹಿಸ್ಟರಿ ಎಂ.ಎ.ಗೆ ಸುರಿದ ದುಡ್ಡು ದಂಡವಾಗಲಿಲ್ಲ ಎಂದುಕೊಂಡೆ. ೧೨೨೪ರಲ್ಲಿ ಇಂಗ್ಲೆಂಡಿನ ದೊಡ್ಡ ಮಠವೊಂದರಿಂದ ಒಬ್ಬ ಗುರು, ಹನ್ನೆರಡು ಮಂದಿ ಸನ್ಯಾಸಿಗಳು ದೋಣಿಯಲ್ಲಿ ಬಂದರಂತೆ. ದೊರೆ ನಾಲ್ಕು ಹಳ್ಳಿಯ ಭೂಮಿ ಬರೆದುಕೊಟ್ಟನಂತೆ. ಆ ಭೂಮಿಯ ಮೇಲೆ ಆಗಲೇ ಜನ ಇದ್ದರು ಎಂಬುದು ದಾನಪತ್ರದಲ್ಲಿ ಇಲ್ಲ. ಗಿರಣಿ ಮಠದ್ದು, ಬೇರೆಲ್ಲೂ ಕಾಳು ಬೀಸಿಸುವಂತಿಲ್ಲ. ಕುರಿ ಮಠದ್ದು, ಉಣ್ಣೆ ಹಡಗು ಹತ್ತಿ ಹೋಗುತ್ತಿತ್ತು. ಮುಖ್ಯವಾದ್ದು ಇದು: ಐರಿಷ್ ಹೊಟ್ಟೆಯಲ್ಲಿ ಹುಟ್ಟಿದವನು ಅಲ್ಲಿ ಸನ್ಯಾಸಿಯಾಗುವಂತಿರಲಿಲ್ಲ. ಉಳಲು, ಒಗೆಯಲು, ಬೇಯಿಸಲು ಒಳಗೆ ಬರಬಹುದು, ಪ್ರಾರ್ಥನೆಗೆ ಕೂರಲು ಆಗದು. ಒಂದೇ ಒಂದು ಒಳ್ಳೆಯ ಪದ್ಧತಿ ಎಂದರೆ, ದಿನವೂ ಹೊರಬಾಗಿಲಲ್ಲಿ ಬಂದವರಿಗೆ ರೊಟ್ಟಿ ಕೊಡುತ್ತಿದ್ದರು, ಹೆಸರು ಕೇಳುತ್ತಿರಲಿಲ್ಲ. ಮುನ್ನೂರು ವರ್ಷದ ಮೇಲೆ ಇಂಗ್ಲೆಂಡಿನ ರಾಜನ ಕಡೆಯವರೇ ಬಂದು ಸೂರಿನ ಸೀಸ, ಗಂಟೆ ಎಲ್ಲ ಕಿತ್ತು ಮಾರಿದರು. ಉಳಿದ ಕಲ್ಲನ್ನು ಊರಿನವರು ಹೊತ್ತುಕೊಂಡು ಹೋದರು. ಪಬ್ಬಿನ ಒಲೆಯ ಮೇಲಿರುವ ಕೆತ್ತನೆ ಕಲ್ಲು ಮಠದ ಕಿಟಕಿಯದು. ಡಿಂಪ್ನಾಳ ಗೇಟಿನ ಎರಡು ಕಂಬ ಎಲ್ಲಿಯವು ಎಂದು ಕೇಳಿದರೆ ಅವಳು ಹವಾಮಾನದ ಮಾತು ಎತ್ತುತ್ತಾಳೆ.

ಅಚ್ಚಾಗಿ ಬಂದ ಪುಸ್ತಿಕೆಯಲ್ಲಿ ಇದೊಂದೂ ಇಲ್ಲ. "ಮಠವೂ ಹಳ್ಳಿಯೂ ಮುನ್ನೂರು ವರ್ಷ ಒಂದೇ ಕುಟುಂಬದಂತೆ ಬಾಳಿದವು" ಎಂದಿದೆ. ಓದಿ ನನಗೆ ಬಾಯೆಲ್ಲ ಹುಳಿ ಹುಳಿ. ತೇಜುವನ್ನು ಕೇಳಿದೆ.

"ಇದ್ಯಾವ್ದೇ ಕುಟುಂಬ? ಅಡಿಗೆಯವ್ನು ಒಳಗೆ ಕೂರೋ ಹಂಗಿಲ್ಲ ಅಂತ ನೀನೇ ಬರ್ದಿದ್ದಲ್ಲ."

"ಡಿಂಪ್ನಾ ಥಾಟ್ ಇಟ್ ವಾಸ್ ಎ ಬಿಟ್ ನೆಗೆಟಿವ್, ಅಪ್ಪ. ಇಟ್ಸ್ ಎ ಸುವೆನಿರ್, ನಾಟ್ ಎ ಥೀಸಿಸ್."

"ಹೊರಬಾಗ್ಲಲ್ಲಿ ರೊಟ್ಟಿ ಕೊಡ್ತಿದ್ದಿದ್ದು ಮಾತ್ರ ದಪ್ಪಕ್ಷರದಲ್ಲಿ ಐತೆ."

"ಪೀಪಲ್ ಲವ್ ದಟ್ ಬಿಟ್."

ಸಾವಿರದ ಮುನ್ನೂರು ಕೊಟ್ಟು ಕೊಂಡ ಸುಳ್ಳು ಎಂದು ಲೆಕ್ಕಕ್ಕೆ ಬರೆದುಕೊಂಡೆ. ಅವಳಿಗೂ ಕಷ್ಟವಿದೆ. ಕೌಂಟಿ ಕೌನ್ಸಿಲಿನ ಹೆರಿಟೇಜ್ ಕಚೇರಿಯಲ್ಲಿ ಒಂದು ಜಾಗ ಖಾಲಿ ಇತ್ತು, ಡಿಂಪ್ನಾಳ ಶಿಫಾರಸು ಬೇಕಿತ್ತು.

ಉತ್ಸವದ ಪೋಸ್ಟರು ನಮ್ಮ ಅಂಗಡಿಯ ಗಾಜಿಗೇ ಅಂಟಿತ್ತು. "ಸನ್ಯಾಸಿಗಳ ಪಂಕ್ತಿ, ಬುಕಿಂಗ್‌ಗೆ ಇಲ್ಲಿ ಸ್ಕ್ಯಾನ್ ಮಾಡಿ." ಎಷ್ಟು ತಲೆ ಎಂದು ತಿಳಿಯಲಿಕ್ಕೆ ಎಂದುಕೊಂಡೆ. ವ್ಯಾಪಾರದಲ್ಲಿ ಒಂದು ಸೆಂಟಿನ ಮೋಸವನ್ನೂ ವಾಸನೆ ಹಿಡಿಯುವ ನಾನು ಅದನ್ನು ಸ್ಕ್ಯಾನ್ ಮಾಡಿ ನೋಡಲಿಲ್ಲ. ಮಠದ ಊಟಕ್ಕೆ ಟಿಕೆಟ್ ಇರುತ್ತದೆ ಎಂಬುದೇ ನನ್ನ ತಲೆಗೆ ಹೊಳೆಯಲಿಲ್ಲ. ನಾನೋ, ಅಂಗಡಿಗೆ ಬಂದವರನ್ನೆಲ್ಲ ಕರೆದಿದ್ದೆ. ಹಳೆಯ ಹೋಟೆಲಿನಲ್ಲಿ ಸರಕಾರ ಇರಿಸಿದೆಯಲ್ಲ, ಆಶ್ರಯ ಕೇಳಿ ಬಂದವರನ್ನು, ಅವರಿಗೂ ಹೇಳಿದ್ದೆ. ಸುಡಾನಿನ ಮರಿಯಮ್ ನಿನಗೆ ನೆನಪಿರಬೇಕು, ಎರಡು ಮಕ್ಕಳ ಕೈ ಹಿಡಿದು ಬಂದು ಯಾವಾಗಲೂ ನಾಣ್ಯ ಎಣಿಸಿ ಕೊಡುವವಳು. "ಶನಿವಾರ ಬಾಮ್ಮ, ಎಲ್ಲರನ್ನೂ ಕರ್ಕೊಂಡು ಬಾ, ದುಡ್ಡಿಲ್ಲ" ಎಂದಿದ್ದೆ.

ಆ ಶನಿವಾರ ಮಳೆಯೂ ಬರಲಿಲ್ಲ. ಅನ್ನ, ಹುಳಿ, ಆಲೂಗಡ್ಡೆ ಪಲ್ಯ, ಕೋಸಂಬರಿ, ಗಸಗಸೆ ಪಾಯಸ. ಖಾರ ಅರ್ಧ ಹಾಕಿಸಿದ್ದೆ. ಡಬ್ಲಿನ್ನಿನಲ್ಲಿ ನನ್ನ ಜೊತೆ ಪಾತ್ರೆ ತೊಳೆದ ಕರೀಮ್ ಲೀಕ್ಸ್‌ಲಿಪ್‌ನಿಂದ ಬಂದು ಸೌಟು ಹಿಡಿದಿದ್ದ. ಜನ ಬಂದು ಕೂತರು, ಹಾಡು ಹೇಳಿದರು. ಸನ್ಯಾಸಿಯ ಸೋಗಿಗೆ ಬಿಳಿ ನಿಲುವಂಗಿ ತೊಟ್ಟ ಒಬ್ಬ ಮುದುಕ ಎರಡು ಸಲ ಪಲ್ಯ ಹಾಕಿಸಿಕೊಂಡು, ಮಾಂಸ ಯಾವಾಗ ಬರುತ್ತದೆ ಎಂದು ಕೇಳಿದ. ಸನ್ಯಾಸಿಗಳು ತಿನ್ನುತ್ತಿರಲಿಲ್ಲ ಎಂದೆ. "ಅದಕ್ಕೇ ಸತ್ತರು" ಎಂದ.

ಮೊದಲ ಪಂಕ್ತಿ ಮುಗಿಯುವಾಗ ಕರೀಮ್ ಹತ್ತಿರ ಬಂದು ಕಿವಿಯಲ್ಲಿ ಹೇಳಿದ.

"ಅಣ್ಣ, ಗೇಟಲ್ಲಿ ಆ ಸುಡಾನ್ ಅಮ್ಮನ್ನ ವಾಪಸ್ ಕಳಿಸ್ಬಿಟ್ರು. ಜೊತೇಲಿ ಹೋಟೆಲ್‌ನೋರೆಲ್ಲ ಇದ್ರು."

"ಯಾಕಂತೆ?"

"ಟಿಕೆಟ್ ಇಲ್ವಂತೆ. ಇಪ್ಪತ್ತೆರಡು ಯೂರೋ ಅಂತೆ ತಲೆಗೆ."

"ಯಾವ್ದಕ್ಕೆ?"

"ನಿಮ್ಮ ಊಟಕ್ಕೇ ಅಣ್ಣ."

ಡಿಂಪ್ನಾ ಕುಸಿದ ಗೋಡೆಯ ಪಕ್ಕ ಫೋಟೋಗೆ ನಿಂತಿದ್ದಳು. ಪಕ್ಕಕ್ಕೆ ಕರೆದೆ. ಅವಳ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸಿ ಬರೆಯುತ್ತೇನೆ.

"ಬಿಟ್ಟಿ ಊಟ ಅಂದ್ರೆ ಈ ಊರಲ್ಲಿ ಒಬ್ರೂ ಬರಲ್ಲ ರಾಮ್. ಯಾವ್ದೋ ಮತಕ್ಕೆ ಸೇರಿಸ್ಕೊಳ್ತಾರೆ ಅನ್ಕೋತಾರೆ. ಬೆಲೆ ಇಟ್ರೆ ಮರ್ಯಾದೆ."

"ಆ ದುಡ್ಡು?"

"ನಮ್ಮ ಕಮ್ಯುನಿಟಿ ಹಾಲ್ ಸೂರು ಸೋರ್ತಾ ಇದೆ ಅಂತ ನಿನಗೇ ಗೊತ್ತು."

"ಇದು ನನ್ನ ಹೆಂಡತಿ ಹರಕೆ. ಬಾಗ್ಲಿಗೆ ಬಂದವ್ರನ್ನ ವಾಪಸ್ ಕಳಿಸೋ ಹಂಗಿಲ್ಲ."

"ಅವ್ರಿಗೂ ಅದೇ ರೂಲು, ಎಲ್ರಿಗೂ ಅದೇ ರೂಲು. ನಾವು ಭೇದ ಮಾಡೋರಲ್ಲ ರಾಮ್."

ನನ್ನ ನಾಲಿಗೆಗೆ ಏನೇನೋ ಬಂತು, ಅವಳ ಗೇಟಿನ ಕಂಬವೂ ಬಂತು. ನುಂಗಿದೆ. ಪಕ್ಕದಲ್ಲೇ ಇದ್ದ ತೇಜು ನೆಲ ನೋಡುತ್ತಿದ್ದಳು. ನಿನಗೆ ಮೊದಲೇ ಗೊತ್ತಿತ್ತಾ ಎಂದು ಕನ್ನಡದಲ್ಲಿ ಕೇಳಿದೆ. "ಇಫ್ ಐ ಟೋಲ್ಡ್ ಯು, ಯು'ಡ್ ಹ್ಯಾವ್ ಸೆಡ್ ನೋ" ಎಂದಳು. ಅದೂ ನಿಜವೇ.

ಕರೀಮ್ ಒಂದು ದೊಡ್ಡ ಕೊಳಗ ಅನ್ನ, ಒಂದು ಹುಳಿ, ಪಾಯಸದ ಅರ್ಧ ಪಾತ್ರೆ ವ್ಯಾನಿಗೆ ಏರಿಸಿದ. ಹೋಟೆಲಿಗೆ ಹೋದೆವು. ಅಲ್ಲಿನ ಮ್ಯಾನೇಜರು ಬಾಗಿಲಲ್ಲೇ ನಿಂತು, ಹೊರಗಿನ ಊಟ ಒಳಗೆ ಬಿಡುವಂತಿಲ್ಲ, ಯಾವುದರಿಂದ ಯಾರಿಗೆ ಅಲರ್ಜಿ ಎಂದು ಬರೆದ ಹಾಳೆ ಬೇಕು, ಸೋಮವಾರ ಆಫೀಸಿಗೆ ಈಮೇಲ್ ಮಾಡಿ ಎಂದ. ಕೆಟ್ಟ ಹುಡುಗನೇನಲ್ಲ, ಅವನ ಹೊಟ್ಟೆಯೂ ಪಾಯಸದ ವಾಸನೆಗೆ ಗುರುಗುಡುತ್ತಿತ್ತು. ಕೊನೆಗೆ ರಸ್ತೆಯಾಚೆಯ ಬಸ್ ಸ್ಟಾಪಿನ ಬೆಂಚಿನ ಮೇಲೆ ಪಾತ್ರೆ ಇಟ್ಟೆವು. ಕರೀಮ್ ಹೋಗಿ ಒಬ್ಬೊಬ್ಬರನ್ನೇ ಕರೆದು ತಂದ. ಮೂವತ್ತು ಜನ ಇದ್ದಿರಬಹುದು. ನಿಂತುಕೊಂಡೇ ಉಂಡರು. ಬಸ್ಸು ಬಂದಾಗ ತಟ್ಟೆ ಹಿಡಿದುಕೊಂಡೇ ಪಕ್ಕಕ್ಕೆ ಸರಿದರು. ಮರಿಯಮ್ ಮಾತ್ರ ಬರಲಿಲ್ಲ.

"ಅತ್ತಿಗೆ ಕೇಳಿದ್ದು ಇದೇ ಅಲ್ವಾ ಅಣ್ಣ" ಎಂದ ಕರೀಮ್. ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ನೀನು ಕೇಳಿದ್ದು ಅದಲ್ಲ. ಕೂರಿಸಿ ಬಡಿಸಿ ಎಂದು ನೀನು ಕೇಳಿದ್ದು. ಬಾಗಿಲಿಂದ ಅಟ್ಟಿಸಿಕೊಂಡವರನ್ನು ರಸ್ತೆಯಲ್ಲಿ ನಿಲ್ಲಿಸಿ ಉಣಿಸುವುದು ದಾಸೋಹವಲ್ಲ, ನಮ್ಮ ಮುಖ ಉಳಿಸಿಕೊಳ್ಳುವುದು. ಬೇರೆ ಯಾರಾದರೂ ಮಾಡಿದ್ದರೆ ನಾನೇ ಹಾಗೆ ಹೇಳಿ ನಗುತ್ತಿದ್ದೆ.

ಸೋಮವಾರ ಮರಿಯಮ್ ಅಂಗಡಿಗೆ ಬಂದಳು. ಒಂದು ಬ್ರೆಡ್ಡು, ಒಂದು ಹಾಲು. ನಾನು ದುಡ್ಡು ಬೇಡ ಎಂದೆ. ಕೌಂಟರಿನ ಮೇಲೆ ನಾಣ್ಯ ಸಾಲಾಗಿ ಜೋಡಿಸಿ, "ಸಾರಿ, ಫ್ರೀ ಅಂತ ನಾನೇ ತಪ್ಪು ತಿಳ್ಕೊಂಡಿದ್ದೆ" ಎಂದಳು. ನನಗೇ ಸಾರಿ ಹೇಳಿದಳು. ಆಮೇಲೆ ಅಂಗಡಿಗೆ ಬಂದಿಲ್ಲ. ಎರಡು ಮೈಲಿ ನಡೆದು ಬೇರೆ ಅಂಗಡಿಗೆ ಹೋಗುತ್ತಾಳಂತೆ.

ಈ ಊರಿನ ಇತಿಹಾಸದ ಮೇಲೆ ನನಗೆ ಇಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ. ಎಂಟುನೂರು ವರ್ಷದ ಹಿಂದೆ ಬಾಗಿಲ ಹೊರಗೆ ನಿಂತಿದ್ದವರು ಇವರ ಅಜ್ಜಂದಿರೇ. ಅವರ ಹೊಟ್ಟೆಗೆ ಬಾಗಿಲಲ್ಲಿ ಬಿದ್ದ ರೊಟ್ಟಿಯನ್ನು ಈಗ ಇವರು ಪೋಸ್ಟರ್ ಮಾಡಿ ಮಾರುತ್ತಾರೆ. ಗಿರಣಿಯ ಯಜಮಾನ ಬದಲಾದ, ಅಷ್ಟೇ. ಅಕ್ಕಿ ನನ್ನದು, ಬೀಸಿದ ಕೂಲಿಯನ್ನೂ ನಾನೇ ಕೊಟ್ಟೆ.

ಇರಲಿ. ನೀನು ಮಾತ್ರೆ ತಪ್ಪಿಸಬೇಡ. ಹೊಲಿಗೆ ಹಾಕಿದ ಕಡೆ ಎಳೆದಂತಾದರೆ ಭಾರ ಎತ್ತಬೇಡ. ಹರಕೆ ಅರ್ಧವೇ ತೀರಿದೆ, ಇನ್ನರ್ಧ ನೀನು ಬಂದ ಮೇಲೆ ನಮ್ಮ ಹಿತ್ತಿಲಲ್ಲೇ, ನಮ್ಮ ಮೇಜಿನ ಮೇಲೆ ಎಲೆ ಹಾಕಿ, ಕೂರಿಸಿಯೇ ಮಾಡೋಣ. ಹಿರಿಯರಿಗೆ ನನ್ನ ಶರಣು ತಿಳಿಸು. ಅಕ್ಕನ ಮಂಡಿಗೂ, ನಿನ್ನ ಹೊಟ್ಟೆಗೂ, ನಮ್ಮ ಮಗಳ ಬುದ್ಧಿಗೂ ಒಳ್ಳೆಯದಾಗಲಿ.

ನಿನ್ನ,
ರಾಮಲಿಂಗಪ್ಪ

ತಾ.ಕ.: ಮೇಲೆ ಬರೆದದ್ದನ್ನು ಓದಿದರೆ ನನ್ನ ಸಿಟ್ಟೆಲ್ಲ ಡಿಂಪ್ನಾಳ ಮೇಲೆ ಎನಿಸುತ್ತದೆ. ಅಷ್ಟೇ ಆಗಿದ್ದರೆ ಫೋನಿನಲ್ಲೇ ಹೇಳಿ ನಕ್ಕುಬಿಡುತ್ತಿದ್ದೆ. ಬಸ್ ಸ್ಟಾಪಿನಿಂದ ನಾನು ಮಠಕ್ಕೆ ವಾಪಸ್ ಬಂದಾಗ ಅಂಗಿಯ ಮೇಲೆ ಹುಳಿ ಚೆಲ್ಲಿತ್ತು. ಒಳಗೆ ಕೌನ್ಸಿಲಿನ ಕಚೇರಿಯ ಹೆಂಗಸು ವೈನ್ ಹಿಡಿದು ತೇಜುವಿನ ಜೊತೆ ನಿಂತಿದ್ದಳು, ಕೆಲಸ ಕೊಡುವವಳು ಅವಳೇ. ನನ್ನನ್ನು ನೋಡಿ, ಇವರು ಯಾರು ಎಂದು ಕೇಳಿದಳು. ತೇಜು ನನ್ನ ಮುಖ ನೋಡಿಕೊಂಡೇ ಹೇಳಿದಳು: "ಓ, ದಟ್ಸ್ ರಾಮ್. ಹಿ ಈಸ್ ದ ಕೇಟರರ್." ಹೌದು ಮೇಡಂ, ಇನ್ನೊಂದು ಬಟ್ಟಲು ಪಾಯಸ ಕೊಡಲೇ ಎಂದೆ. ಕೊಟ್ಟೆ. ಅವಳಿಗೂ ಕೊಟ್ಟೆ, ಮಗಳಿಗೂ ಕೊಟ್ಟೆ. ಮಗಳು "ಥ್ಯಾಂಕ್ಸ್ ಎ ಮಿಲಿಯನ್" ಎಂದಳು. ಆ ಮೇಲೆ ಮನೆಯಲ್ಲಿ ಈ ಮಾತು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ನೀನೂ ಎತ್ತಬೇಡ.

ಯಾರಿಗೆ ಏನು ದಕ್ಕಿತು ಎಂದು ಕೇಳುತ್ತೀ. ಕಮಿಟಿಗೆ ಇನ್ನೂರ ನಲವತ್ತು ಟಿಕೆಟಿನಿಂದ ಐದು ಸಾವಿರದ ಇನ್ನೂರ ಎಂಬತ್ತು ಯೂರೋ. ಡಿಂಪ್ನಾಳಿಗೆ ಪೇಪರಿನಲ್ಲಿ ಫೋಟೋ. ಬಸ್ ಸ್ಟಾಪಿನವರಿಗೆ ಒಂದು ಹೊತ್ತಿನ ಊಟ. ಮರಿಯಮ್‌ಗೆ ಏನೂ ಇಲ್ಲ. ತೇಜುವಿಗೆ ಅಕ್ಟೋಬರ್ ಒಂದರಿಂದ ಒಂದು ವರ್ಷದ ಕೆಲಸ. ನನಗೆ ಅದೇ ಕಚೇರಿಯಿಂದ ಕ್ರಿಸ್‌ಮಸ್ ಊಟಕ್ಕೆ ಎಪ್ಪತ್ತು ತಟ್ಟೆಯ ಆರ್ಡರು, ತೇಜು ಕೊಡಿಸಿದ್ದು. ಮಾಡಿಕೊಡುತ್ತೇನೆ ಎಂದು ಬರೆದಿದ್ದೇನೆ.