ಸಿಡಿ ಇಲ್ಲ ಎನ್ನುತ್ತಿದ್ದ ಡಬ್ಬಿ

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ಹೀಗೆ ಕರೆಯಬಹುದೇ ಎಂದು ಮೊದಲು ಕೇಳುವುದು ಮರ್ಯಾದೆ. ಆದರೆ ಬೇರೆ ಏನೆಂದು ಬರೆಯಲಿ? ನೀವು ಬಿಟ್ಟುಹೋದ ಮನೆಗೆ ಸೊಸೆಯಾಗಿ ಬಂದವಳು ನಾನು. ನಮ್ಮ ಸಂಬಂಧಕ್ಕೆ ಭಾಷೆಯಲ್ಲಿ ಇರುವುದು ಒಂದೇ ಮಾತು, ಅದೂ ಬೈಗುಳದ ಹಾಗೆ ಕೇಳಿಸುತ್ತದೆ. ಹಾಗಾಗಿ ಅಕ್ಕ. ಇನ್ನು ‘ನಮ್ಮನೆಯವರು’ ಎಂದು ಬರೆದರೆ ನಿಮಗೆ ಚುಚ್ಚೀತು, ‘ನಿಮ್ಮವರು’ ಎಂದರೆ ನನಗೆ. ‘ಅತ್ತೆಯ ಮಗ’ ಅಂದುಬಿಡುತ್ತೇನೆ. ಅದರಲ್ಲಿ ಯಾರ ತಕರಾರೂ ಇರಲಾರದು.

ಅತ್ತೆ ಚೆನ್ನಾಗಿದ್ದಾರೆ. ಅದನ್ನೇ ಮೊದಲು ಹೇಳಬೇಕಿತ್ತು. ಬೆಳಿಗ್ಗೆ ನಾನು ಮಡಚಿಟ್ಟ ಬಟ್ಟೆಗಳನ್ನೆಲ್ಲ ಕೊಡವಿ ಬಿಚ್ಚಿ, ತಮ್ಮ ರೀತಿಯಲ್ಲಿ ಮತ್ತೆ ಮಡಚಿದರು. ಅಷ್ಟು ಚೆನ್ನಾಗಿದ್ದಾರೆ.

ಮೊನ್ನೆ ಆಸ್ಪತ್ರೆಯಲ್ಲಿ ನಾವಿಬ್ಬರೂ ಆಡಿದ್ದೆಲ್ಲ ವೈರು, ಪ್ಲಗ್ಗು, ಸಿಡಿಯ ಮಾತು. ಹೇಳಬೇಕಾದದ್ದು ಉಳಿದುಹೋಯಿತು. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಕಡೆಯಿಂದ ಅದು ಹೇಗಿತ್ತು ಎಂಬುದು ನಿಮಗೆ ಗೊತ್ತಿಲ್ಲವಲ್ಲ.

ಅತ್ತೆಗೆ ಕೆಮ್ಮು ಬಿಡಲಿಲ್ಲವೆಂದು ಎದೆಯ ಸ್ಕ್ಯಾನ್ ಮಾಡಿಸಿದೆವು. ಬಲಗಡೆ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಒಂದು ಕಲೆ. ಡಾಕ್ಟರಮ್ಮ ಅದನ್ನು ಪೆನ್ನಿನ ತುದಿಯಿಂದ ತೋರಿಸುತ್ತಾ ಹೇಳಿದರು: “ಹೊಸದಾದ್ರೆ ಆಪರೇಷನ್ ಮಾಡಿ ತೆಗೀಬೇಕು. ಹಳೇದಾದ್ರೆ ಅದರ ಪಾಡಿಗೆ ಬಿಟ್ಬಿಡಬಹುದು. ಹಿಂದೆ ಯಾವಾಗಾದ್ರೂ ಸ್ಕ್ಯಾನ್ ಮಾಡಿಸಿದ್ರಾ?” ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ ಇನ್ನೊಂದು ಮಾತೂ ಹೇಳಿದರು. ಅವರ ಹೃದಯ ಈ ಆಪರೇಷನ್ನನ್ನು ತಡೆದುಕೊಳ್ಳುತ್ತದೆ ಎಂದು ನಾನು ಮಾತು ಕೊಡಲಾರೆ ಅಂತ.

ಅತ್ತೆಗೆ ನೆನಪಿತ್ತು. “ಹೂಂ, ಆಗ ನ್ಯುಮೋನಿಯಾ ಆಗಿತ್ತಲ್ಲ, ಅವಳೇ ಕರ್ಕೊಂಡು ಹೋಗಿದ್ದು. ಒಂದು ತಟ್ಟೆ ಕೊಟ್ಟಿದ್ರು. ಅವಳ ಪೆಟ್ಟಿಗೇಲೇ ಸೇರ್ಕೊಂಡಿರುತ್ತೆ.” ತಟ್ಟೆ ಅಂದರೆ ಸಿಡಿ. ಆ ಸ್ಕ್ಯಾನ್ ತೆಗೆದ ಜಾಗದಲ್ಲಿ ಈಗ ಸೋಫಾ ಮಾರುತ್ತಾರೆ. ಅಂದರೆ ನಿಮ್ಮನ್ನೇ ಕೇಳಬೇಕು. ಅತ್ತೆಯ ಮಗ ಒಪ್ಪಲಿಲ್ಲ. “ಯಾವ ಮುಖ ಇಟ್ಕೊಂಡು ಕೇಳ್ಲಿ? ಬೇಡ, ಅವಳನ್ನ ಮಾತ್ರ ಬೇಡ” ಅಂದರು. ಅದು ಸಿಟ್ಟಲ್ಲ ಅಕ್ಕ, ನಾಚಿಕೆ. ಎರಡೂ ಒಂದೇ ದನಿಯಲ್ಲಿ ಬರುತ್ತವೆ ಅವರಿಗೆ.

ಅವರು ಕೆಲಸಕ್ಕೆ ಹೋದ ಮೇಲೆ ಅತ್ತೆ ತಮ್ಮ ಫೋನನ್ನು ನನ್ನ ಮಡಿಲಿಗೆ ಹಾಕಿದರು. “ಅದರಲ್ಲಿ ‘ಹಾಲಿನವರು’ ಅಂತ ಇದೆ ನೋಡು, ಅದಕ್ಕೆ ಮಾಡು.” ನಾವು ಹಾಲು ತರುವುದು ಮೂಲೆಯ ಅಂಗಡಿಯಿಂದ. ಆ ಹೆಸರಿನಿಂದ ಫೋನ್ ಬಂದಾಗಲೆಲ್ಲ ಅತ್ತೆ ಎದ್ದು ಬಾಲ್ಕನಿಗೆ ಹೋಗುವುದನ್ನು ನೋಡಿದ್ದೆ. ಹಾಲಿನವರ ಹತ್ತಿರ ಅಷ್ಟು ಹೊತ್ತು ಏನು ಮಾತು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಅದರ ಮೇಲೆ ಭಯ. ನಮ್ಮ ಅಡುಗೆಮನೆಯಲ್ಲಿ ಡಬ್ಬಗಳೆಲ್ಲ ಮೇಲಿನ ಗೂಡಿನಲ್ಲಿರುತ್ತವೆ, ನಾನು ಸ್ಟೂಲು ಹತ್ತಬೇಕು. ನೀವು ಎತ್ತರದವರಿರಬೇಕು, ಬಿಗಿ ಜಡೆ, ನೇರ ನೋಟ ಎಂದೆಲ್ಲ ಆ ಗೂಡು ನೋಡಿಯೇ ಕಲ್ಪಿಸಿಕೊಂಡಿದ್ದೆ.

“ಹಾಂ ಅಮ್ಮಾ, ಹೇಳಿ, ಊಟ ಆಯ್ತಾ?” ಅಂದಿರಿ. ಆ ‘ಅಮ್ಮಾ’ ನನಗಲ್ಲವಲ್ಲ. ನಾನು ಯಾರೆಂದು ತೊದಲಿದೆ. ನೀವು “ಅಮ್ಮನಿಗೆ ಏನಾಯ್ತು?” ಎಂದಷ್ಟೇ ಕೇಳಿದಿರಿ. ಸಂಜೆಯೊಳಗೆ ನೀವೇ ಫೋನ್ ಮಾಡಿದಿರಿ. ಸಿಡಿ ಸಿಕ್ಕಿದೆ, ಆದರೆ ಕಾಪಿ ಅರ್ಧಕ್ಕೇ ನಿಲ್ಲುತ್ತಿದೆ, ಈಗಿನ ಕಂಪ್ಯೂಟರುಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ, ನಿಮ್ಮ ಫೋಟೋ ಸ್ಟುಡಿಯೋದ ಡ್ರೈವನ್ನೇ ತರುತ್ತೇನೆ ಅಂದಿರಿ. “ಆದ್ರೆ ನನ್ನ ಡಬ್ಬಿ ಸ್ವಲ್ಪ ತಲೆಹರಟೆ. ಅದಕ್ಕೆ ಮನಸ್ಸು ಬಂದ್ರೆ ಓಡುತ್ತೆ.”

ಆಸ್ಪತ್ರೆಯ ಬಾಗಿಲಲ್ಲಿ ನಿಮ್ಮನ್ನು ನೋಡಿ ನನಗೆ ನಗು ಬಂದದ್ದು ಯಾಕೆಂದು ಈಗ ಹೇಳಬಹುದು. ನೀವು ನನಗಿಂತ ಗಿಡ್ಡ! ಆ ಗೂಡು ಅತ್ತೆಯ ಮಗನದೇ ಕೆಲಸವಂತೆ, ಆಮೇಲೆ ಗೊತ್ತಾಯಿತು.

ಉಳಿದದ್ದು ಇಬ್ಬರೂ ಕಂಡದ್ದು. ಆಸ್ಪತ್ರೆಯ ಸಿಡಿ ಯಂತ್ರ ರಿಪೇರಿಗೆ ಹೋಗಿತ್ತು. ಡಾಕ್ಟರಮ್ಮ ನರ್ಸೊಬ್ಬರನ್ನು ಜೊತೆಗೆ ಬಿಟ್ಟು, “ನಾನು ಊಟ ಮಾಡಿ ಬರ್ತೀನಿ, ಅಷ್ಟರಲ್ಲಿ ಪ್ರಯತ್ನ ಮಾಡಿ. ಇವತ್ತು ಆಪರೇಷನ್ ದಿನ ಗೊತ್ತು ಮಾಡ್ಲೇಬೇಕು” ಎಂದು ಹೋದರು. ನಿಮ್ಮ ಡಬ್ಬಿ ದೀಪ ಹೊತ್ತಿಸಿ, ಗುರ್ರೆಂದು, ಚಿತ್ರಗಳ ಸಾಲು ಇನ್ನೇನು ತೆರೆಯಬೇಕು ಅನ್ನುವಾಗ ‘ಸಿಡಿ ಇಲ್ಲ’ ಎಂದಿತು. ಹೊಟ್ಟೆಯೊಳಗೆ ಇಟ್ಟುಕೊಂಡೇ ಇಲ್ಲ ಅನ್ನುತ್ತದಲ್ಲ! ತೆಗೆದು ಹಾಕಿದೆವು, ಮತ್ತೆ ಅದೇ ಮಾತು. ಕನ್ನಡಕದ ಅಂಗಡಿಯ ಕೆಲಸದಿಂದ ನನ್ನ ಚೀಲದಲ್ಲಿ ಯಾವಾಗಲೂ ಗಾಜು ಒರೆಸುವ ಬಟ್ಟೆ ಇರುತ್ತದೆ. ಸಿಡಿಯನ್ನು ಒರೆಸಿಕೊಟ್ಟೆ. “ಸುತ್ತಲೂ ಉಜ್ಜಬೇಡ, ನಡುವಿನಿಂದ ಅಂಚಿಗೆ” ಅಂದಿರಿ. ಆಗ ಇನ್ನೊಂದಿಷ್ಟು ಓಡಿ, ವೇಗ ಹೆಚ್ಚಿದೊಡನೆ ಮತ್ತೆ ಸತ್ತಿತು.

“ಅದನ್ನ ಗದರಿಸ್ಬೇಡ, ರಮಿಸು” ಎಂದು ಕುರ್ಚಿಯಲ್ಲಿ ಕೂತ ಅತ್ತೆ ಸಲಹೆ ಕೊಟ್ಟರು. ತಮ್ಮದೇ ಎದೆಯ ಚಿತ್ರ ಅದು, ಪಕ್ಕದ ಮನೆಯವರದೇನೋ ಅನ್ನುವ ಹಾಗಿದ್ದರು.

ನೀವು ಕಣ್ಣು ಮುಚ್ಚಿ ಡಬ್ಬಿಯ ಸದ್ದನ್ನೇ ಕೇಳಿದಿರಿ. “ಇದಕ್ಕೆ ಕರೆಂಟ್ ಸಾಲ್ತಿಲ್ಲ. ಎರಡನೇ ಬಾಲಾನೂ ಚುಚ್ಚಬೇಕು.” ವೈರಿನ ಆ ಇನ್ನೊಂದು ಪ್ಲಗ್ಗಿಗೆ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ಪ್ರಿಂಟರಿನದನ್ನು ಕೀಳಲು ನಾನು ಮೇಜಿನ ಕೆಳಗೆ ತೂರಿದೆ, ಆ ಕಡೆಯಿಂದ ನೀವೂ ತೂರಿದಿರಿ, ಇಬ್ಬರ ತಲೆಗಳೂ ಢೀ ಕೊಟ್ಟವು. ಮೇಲಿನಿಂದ ಅತ್ತೆ: “ಒಂದೇ ಸಲ ಗುದ್ಕೊಂಡ್ರೆ ಕೊಂಬು ಬರುತ್ತೆ, ಇನ್ನೊಂದ್ಸಲ ಗುದ್ದಿ!” ಆ ಧೂಳಿನಲ್ಲಿ ಮಂಡಿಯೂರಿ ನಾವಿಬ್ಬರೂ ನಿಜಕ್ಕೂ ಇನ್ನೊಂದು ಸಲ ಗುದ್ದಿದೆವು. ನನ್ನೊಳಗಿನ ಕಿಚ್ಚು ಎಲ್ಲಿ ಹೋಯಿತೋ, ಆಮೇಲೆ ಹುಡುಕಿದರೂ ಸಿಗಲಿಲ್ಲ.

ಆಮೇಲೆ ಡಬ್ಬಿ ಓಡಿತು, ಆದರೆ ಗಡಗಡ ನಡುಗುತ್ತಾ. ನೀವು ಅಂಗೈಯಿಂದ ಅದುಮಿ ಹಿಡಿದಿರಿ. ನಿಮ್ಮ ಕೈ ಸೋತಾಗ ನಾನು ಹಿಡಿದೆ, ನನ್ನದು ಸೋತಾಗ ನೀವು. ಚಿತ್ರಗಳೆಲ್ಲ ಕಂಪ್ಯೂಟರಿಗೆ ಇಳಿಯುವವರೆಗೂ ಹೀಗೇ ಸರದಿ.

ಡಾಕ್ಟರಮ್ಮ ಬಂದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಅಳೆದರು, ಮತ್ತೆ ಅಳೆದರು. “ಅದೇ ಕಲೆ. ಒಂದು ಚೂರೂ ಬೆಳೆದಿಲ್ಲ. ಹಳೇ ಗಾಯ ಮಾಗಿದ ಗುರುತು, ಆಪರೇಷನ್ ಬೇಡ” ಅಂದರು. ಕೆಮ್ಮಿಗೆ ಔಷಧಿ ಬರೆದು, ಜಾಗ್ರತೆಗೆ ಮುಂದಿನ ವರ್ಷ ಒಮ್ಮೆ ನೋಡೋಣ ಅಂದರು. ಗೋಡೆ ಕಡೆ ತಿರುಗಿ ನೀವು ಮುಖ ಒರೆಸಿಕೊಂಡಿರಿ. ನನ್ನ ಗಾಜು ಒರೆಸುವ ಬಟ್ಟೆಯಿಂದ.

ಅಕ್ಕ, ನಾನು ಕೃತಜ್ಞಳಾಗಿರುವುದು ಸಿಡಿಗಾಗಿ ಮಾತ್ರವಲ್ಲ. ಅತ್ತೆ ಎದ್ದಾಗ ಆಸರೆಗೆ ಕೈ ಚಾಚಿದರು. ನೀವೇ ಹತ್ತಿರವಿದ್ದಿರಿ, ನಿಮ್ಮ ಕೈ ಮುಂದೆ ಬಂದೂ ಇತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡು ಅರ್ಧ ಹೆಜ್ಜೆ ಸರಿದು ನನಗೆ ಜಾಗ ಬಿಟ್ಟಿರಿ. ಯಾರೂ ಗಮನಿಸಲಿಲ್ಲ ಅಂದುಕೊಂಡಿರಬೇಕು. ನಾನು ನೋಡಿದೆ. ಆ ಅರ್ಧ ಹೆಜ್ಜೆಗೆ ಎಷ್ಟು ಕಷ್ಟವಾಗಿರಬೇಕು ಎಂದು ರಾತ್ರಿಯೆಲ್ಲ ಯೋಚಿಸಿದೆ.

ಕೆಲಸದ ನಡುವೆ ನಮ್ಮನ್ನು ಕರೆದೊಯ್ಯಲು ಬಂದು ಕೋಣೆಯ ಹೊರಗೆ ಕಾಯುತ್ತಿದ್ದ ಅತ್ತೆಯ ಮಗ ನಿಮ್ಮನ್ನು ಕಂಡು ಮರದ ಹಾಗೆ ನಿಂತದ್ದನ್ನು ನೀವೇ ನೋಡಿದಿರಿ. ಮನೆಗೆ ಬಂದು, “ನಂಗ್ಯಾಕೆ ಹೇಳ್ಲಿಲ್ಲ?” ಅಂದರು. “ಹೇಳಿದ್ರೆ ಬೇಡ ಅಂತಿದ್ರಿ” ಅಂದೆ. ನೀರು ಕುಡಿದು ಲೋಟ ಇಡುತ್ತಾ, “ಒಳ್ಳೇದು ಮಾಡ್ದೆ. ಅವಳೂ ಒಳ್ಳೇದು ಮಾಡಿದ್ಲು” ಅಂದರು. ನಿಮಗೆ ತಲುಪಬೇಕಾದ ಮಾತು, ತಲುಪಿಸಿದ್ದೇನೆ.

ಬಿಡುವಾದಾಗ ಬನ್ನಿ. ಕಾರಣ ಬೇಕಾಗಿಲ್ಲ. ಬಾಲ್ಕನಿಗೆ ಹೋಗಿ ಪಿಸುಗುಟ್ಟುವ ಕಷ್ಟ ಅತ್ತೆಗೆ ತಪ್ಪಲಿ, ಅಲ್ಲಿ ಗಾಳಿ ಬೇರೆ ಜಾಸ್ತಿ.

ನಿಮ್ಮ ಪ್ರೀತಿಯ
ತಂಗಿ

ಮರೆತ ಮಾತು: ನೀವು ಹೊರಟ ಮೇಲೆ ಆಸ್ಪತ್ರೆಯ ಕೌಂಟರಿನಲ್ಲಿ, ತುರ್ತು ಇದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದರು. ಅತ್ತೆ ನನ್ನ ನಂಬರು ಹೇಳಿ, “ಸೊಸೆ” ಅಂದರು. ಆಮೇಲೆ ನಿಮ್ಮದನ್ನು ಹೇಳಿ, “ಇವಳೂ ಸೊಸೆ” ಅಂದರು. ಕೌಂಟರಿನವನು, “ಅಜ್ಜೀ, ಮಕ್ಕಳು ಎಷ್ಟು ಜನ?” ಅಂದ. “ಒಬ್ಬನೇ.” ಅವನು ಪೆನ್ನು ಹಿಡಿದು ಹಾಗೇ ನೋಡುತ್ತಾ ಕೂತ. ಪಕ್ಕದಲ್ಲಿ ಅತ್ತೆಯ ಮಗ ಸೂರು ನೋಡುತ್ತಿದ್ದರು. ಅತ್ತೆ ಅಂದರು: “ನಿಂಗ್ಯಾಕಪ್ಪಾ ಅದೆಲ್ಲ? ಸುಮ್ನೆ ಬರ್ಕೋ.”