ಬಂಡೆಯಿಂದ ಕಿತ್ತ ಬಿಳಿ ಗಿಡಗಳು

ಭಾನುವಾರ, ಮಧ್ಯಾಹ್ನ

ನನ್ನ ದೊಡ್ಡ ಮಗಳಿಗೆ,

ಅಮ್ಮನ ಆಶೀರ್ವಾದ. ಇತ್ತ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಉಸಿರಾಡಿಕೊಂಡಿದ್ದೇವೆ, ಅಷ್ಟು ತಿಳಿದುಕೋ. ಕಾಗದ ತಡವಾಯಿತೆಂದು ಮುನಿಸಿಕೊಳ್ಳಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ಬರೀ ಬೈಗುಳವಿತ್ತು, ಇನ್ನೊಂದರಲ್ಲಿ ಬರೀ ಅಳು. ಜೈಲಿನಲ್ಲಿ ಕೂತವಳಿಗೆ ಎರಡೂ ಉಪಯೋಗಕ್ಕೆ ಬರುವಂಥದ್ದಲ್ಲ.

ನಿನ್ನನ್ನು ಹಿಡಿದಾಗ ಡಬ್ಬಗಳಲ್ಲಿ ಸಿಕ್ಕ ಬಿಳಿ ಗಿಡಗಳು ಈಗ ಎಲ್ಲಿವೆ ಗೊತ್ತೇ? ನಾನು ಕೆಲಸ ಮಾಡುವ ನರ್ಸರಿಯಲ್ಲಿ, ನನ್ನ ಕೈಯಲ್ಲೇ. ಅರಣ್ಯ ಇಲಾಖೆಯ ಜೀಪು ಬಂದು ಆ ರಟ್ಟಿನ ಡಬ್ಬಗಳನ್ನು ಇಳಿಸಿ ಹೋಯಿತು. ಜೊತೆಗೆ ಬಂದ ಸಾಹೇಬರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. “ಸಮುದ್ರದ ಬಂಡೆ ಬಿಟ್ರೆ ಬೇರೆಲ್ಲೂ ಹುಟ್ಟದ ಗಿಡ ಇವು. ಅದ್ಯಾವಳೋ ಬೇರು ಸಮೇತ ಕಿತ್ತು ಮಾರೋಕೆ ಹೊರಟಿದ್ಳು,” ಅಂದರು. ನನ್ನ ಜೊತೆ ಮಣ್ಣು ಕಲೆಸುವ, ಎಲ್ಲರೂ ಉದ್ದಕ್ಕ ಎಂದು ಕರೆಯುವ ಹೆಂಗಸು ಸುಮ್ಮನಿರುವವಳೇ? “ಸಾಹೇಬ್ರೇ, ಅವಳ ತಾಯಿ ಇಲ್ಲೇ ನಿಂತಿದ್ದಾಳೆ. ಬೈಯೋದು ಇನ್ನೂ ಬಾಕಿ ಇದ್ರೆ ಈಗಲೇ ಮುಗಿಸ್ಬಿಡಿ, ಮತ್ತೆ ಬರೋ ಡೀಸೆಲ್ ಉಳಿಯುತ್ತೆ,” ಅಂದಳು. ಸಾಹೇಬರು ತಲೆ ತಗ್ಗಿಸಿದರು. ಹೊರಡುವಾಗ ನನ್ನ ಹತ್ತಿರ ಬಂದು, “ಅಮ್ಮಾ, ಇವು ಬದುಕಿ ವಾಪಸು ಬಂಡೆಗೆ ಹೋದ್ರೆ ಜಡ್ಜ್ ಸಾಹೇಬ್ರು ಸ್ವಲ್ಪ ಮೆತ್ತಗಾಗಬಹುದು. ಇಷ್ಟೇ ನಾನು ಹೇಳೋಕಾಗೋದು,” ಅಂದರು.

ಅಂದಿನಿಂದ ನನಗೆ ಬೇರೆ ಧ್ಯಾನವಿಲ್ಲ. ಮೊದಲನೆಯ ದಿನವೇ ಎಡವಟ್ಟು ಮಾಡಿದೆ. ಎಲೆಯ ಮೇಲೆಲ್ಲ ಬೂದಿಯ ಹಾಗೆ ಬಿಳಿ ಪುಡಿ ಇತ್ತಲ್ಲ, ಡಬ್ಬದ ಧೂಳೆಂದುಕೊಂಡು ಒದ್ದೆ ಬಟ್ಟೆಯಲ್ಲಿ ಒಂದು ಸಾಲು ಗಿಡಗಳನ್ನು ತಿಕ್ಕಿ ತೊಳೆದಿಟ್ಟೆ. ಹಸಿರಾಗಿ ಹೊಳೆಯುತ್ತಿದ್ದವು. ಚೊಕ್ಕ ಮಾಡಿದೆನೆಂದು ಹಿಗ್ಗಿದ್ದೂ ಹಿಗ್ಗಿದ್ದೇ. ನರ್ಸರಿ ಯಜಮಾನರು ನೋಡಿ ಹಣೆ ಚಚ್ಚಿಕೊಂಡರು. “ಅಯ್ಯೋ ಅಮ್ಮಾ, ಅದು ಕೊಳೆ ಅಲ್ಲ. ಬಿಸಿಲಿಗೆ, ಉಪ್ಪುಗಾಳಿಗೆ ಅದು ಹೊದ್ದುಕೊಂಡಿರೋ ಬಟ್ಟೆ. ಒರೆಸಿದ ಎಲೆಗೆ ಅದು ಮತ್ತೆ ಬರಲ್ಲ.” ತೊಳೆದವೆಲ್ಲ ಬಿಸಿಲಿಗೆ ಸುಟ್ಟುಹೋದವು.

ಆಮೇಲೆ ಅವರು ಹೇಳಿದಂತೆಯೇ ಮಾಡಿದೆ. ಕೊಳೆತ ಬೇರನ್ನು ಕತ್ತರಿಸಿ, ಗಾಯ ಒಣಗಿ ಗಟ್ಟಿಯಾಗುವವರೆಗೆ ನೆರಳಿನಲ್ಲಿ ಮಲಗಿಸಿದೆ. ಮಣ್ಣಿಗಿಂತ ಹೆಚ್ಚಾಗಿ ಜಲ್ಲಿಯನ್ನೇ ತುಂಬಿ, ನಡುವಿನ ಕುಡಿಯಲ್ಲಿ ನೀರು ನಿಲ್ಲದಂತೆ ಪ್ರತಿ ಗಿಡವನ್ನೂ ಓರೆಯಾಗಿ ನೆಟ್ಟೆ. ಬಂಡೆಯಲ್ಲಿ ಅವು ಹಾಗೆಯೇ ಜೋತುಕೊಂಡಿರುತ್ತವಂತೆ. ನಿನಗಿದು ನನಗಿಂತ ಚೆನ್ನಾಗಿ ಗೊತ್ತು. ನೀನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವುಗಳ ಎದುರಿಗೇ ಜೋತಾಡಿದವಳು.

ಇನ್ನೊಂದು ಮಾತು. ಆ ಪುಡಿಯ ಮೇಲೆ ಬೆರಳು ತಗುಲಿದರೆ ಗುರುತು ಹಾಗೇ ಉಳಿದುಬಿಡುತ್ತದೆ. ಎಲೆ ಎಲೆಯಲ್ಲೂ ನಿನ್ನ ಬೆರಳ ಗುರುತಿದೆ ಮಗಳೇ. ಸಣ್ಣ ಬೆರಳು, ನನಗೆ ಗುರುತು ಸಿಗದೆ ಇರುತ್ತದೆಯೇ? ಅವುಗಳ ಪಕ್ಕದಲ್ಲಿ ಒಂದು ದಪ್ಪ ಹೆಬ್ಬೆಟ್ಟು ಕೂಡ ಇದೆ. ಮೇಲೆ ನಿಂತು ಚೀಲ ಎಳೆದುಕೊಂಡು ಗಿಡಗಳನ್ನು ಡಬ್ಬಕ್ಕೆ ಜೋಡಿಸಿದವನದು. ಯಜಮಾನರಿಗೆ ತೋರಿಸಿದೆ. “ಎಲೆ ಬಂದು ಕೋರ್ಟಲ್ಲಿ ಸಾಕ್ಷಿ ಹೇಳುತ್ತಾ ಅಮ್ಮಾ? ಗಿಡ ಚೇತರಿಸಿಕೊಂಡ್ರೆ ಕೆಳಗಿನ ಎಲೆಗಳೆಲ್ಲ ಒಣಗಿ ಬೀಳ್ತವೆ,” ಅಂದರು. ಬೀಳುತ್ತಿವೆ. ಒಂದೊಂದೇ ಬಿದ್ದಾಗ ಗಿಡ ಬದುಕಿತೆಂದು ಸಂತೋಷಪಡಲೋ, ಅವನ ಗುರುತು ಹೋಯಿತೆಂದು ಅಳಲೋ ತಿಳಿಯದೆ ನಿಲ್ಲುತ್ತೇನೆ.

ಈಗ ಅಳುವುದೇ ಹೆಚ್ಚು. ಬೇಸಿಗೆ ಏರಿದ ಮೇಲೆ ಉಳಿದ ಗಿಡಗಳು ಮುದುಡಿ ಸುಕ್ಕಾದವು. ಈ ಕಾಲದಲ್ಲಿ ಅವು ನಿದ್ದೆ ಮಾಡುತ್ತವೆ, ಹನಿ ನೀರೂ ಕೂಡದು ಎಂದು ಯಜಮಾನರು ಹೇಳಿದ್ದರು. ಬಾಯಾರಿದ್ದನ್ನು ಕಣ್ಣೆದುರು ಇಟ್ಟುಕೊಂಡು ಹೇಗೆ ಸುಮ್ಮನಿರಲಿ? ಚೊಂಬಿನಲ್ಲಿ ಒಂದಿಷ್ಟು ಹಾಕಿದೆ. ಉದ್ದಕ್ಕ ನೋಡಿ ಚೊಂಬು ಕಿತ್ತುಕೊಂಡಳು. “ಅದೇನು ನಿನ್ನ ಮೊಮ್ಮಗುವಾ, ಎತ್ತಿಕೊಂಡು ಕುಡಿಸೋಕೆ? ಮುಟ್ಟದೆ ಇರೋದು ಕಲಿ, ತಾಯಿ!” ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಹೊರಗೆ ನೋಡಲು ಗಟ್ಟಿಯಾಗಿದ್ದವು, ಬೆರಳಿಟ್ಟರೆ ನಡುವಿನಲ್ಲಿ ಲೋಳೆ. ಬುಟ್ಟಿ ತುಂಬ ಹೊತ್ತು ಗೊಬ್ಬರದ ಗುಂಡಿಗೆ ಸುರಿದು ಬಂದೆ. ಉಳಿದಿರುವವು ಒಂದು ಮೇಜಿನ ಮೂಲೆಗೂ ಸಾಲವು. ಜಡ್ಜ್ ಸಾಹೇಬರಿಗೆ ಏನೆಂದು ತೋರಿಸುವುದು? ದೇವರ ಮುಂದೆ ಕೂತರೆ ಕಲಿತ ಪ್ರಾರ್ಥನೆಯೆಲ್ಲ ಮರೆತು ಹೋಗುತ್ತದೆ. ಬೇರು ಬಿಡಲಿ, ಬೇರು ಬಿಡಲಿ ಎನ್ನುವುದೊಂದೇ ಬಾಯಿಗೆ ಬರುತ್ತದೆ. ಅವನಿಗೂ ಕೇಳಿ ಕೇಳಿ ಸಾಕಾಗಿರಬೇಕು.

ಆದ್ದರಿಂದ ಮಗಳೇ, ಇನ್ನು ಗಿಡಗಳನ್ನು ನಂಬಿ ಕೂರುವಂತಿಲ್ಲ. ನಿನ್ನ ಬಾಯೇ ನಿನ್ನನ್ನು ಉಳಿಸಬೇಕು. ಹಗ್ಗ ಹಿಡಿದವರು ಯಾರೆಂದು ಕೇಳಿದರೆ ಮರಕ್ಕೆ ಕಟ್ಟಿದ್ದೆ ಅಂದೆಯಂತೆ. ಆ ಬಂಡೆಯ ನೆತ್ತಿಯ ಮೇಲೆ ಮರವೆಲ್ಲಿದೆಯೇ? ನಾನು ಹತ್ತಿ ನೋಡಿ ಬಂದೆ. ಹುಲ್ಲು ಕೂಡ ಗಾಳಿಗೆ ಮಲಗಿಕೊಂಡೇ ಬೆಳೆಯುವ ಜಾಗ ಅದು. ಕಾವಲಿನವರು ಕೂಗಿದ ಕೂಡಲೇ ನಿನ್ನ ಗಂಡ ಹಗ್ಗ ಕೈಬಿಟ್ಟು ನಿನ್ನನ್ನು ನಡುಬಂಡೆಯಲ್ಲೇ ತೊರೆದು ಓಡಿದ. ಕಾಲೂರಲು ಬಂಡೆಯ ಒಂದು ಚಾಚು ಸಿಕ್ಕಿತೆಂದು ನೀನಿವತ್ತು ಇದ್ದೀಯ. ಜೀಪಿನ ಸಾಹೇಬರಿಗೆ ನಾನೇ ಅವನ ಹೆಸರು ಹೇಳಿದೆ. “ನೀವು ಕಣ್ಣಾರೆ ಕಂಡ್ರಾ?” ಅಂದರು. ಇಲ್ಲವೆಂದೆ. ಕಂಡವಳು ನೀನೊಬ್ಬಳೇ.

ಹೋದ ಸಲ ನೋಡಲು ಬಂದಾಗ ಇದನ್ನೇ ಕೇಳಿದೆ. ನೀನು ಗೋಡೆ ನೋಡುತ್ತಾ, “ಅವರು ನನ್ನನ್ನ ಬಿಡಿಸ್ತಾರಮ್ಮ, ಸ್ವಲ್ಪ ತಾಳು,” ಅಂದೆ. ಅವನು ಜೈಲಿನ ಗೇಟಿನವರೆಗಾದರೂ ಬಂದನೇ? ಪೇಟೆಯಲ್ಲಿ ಎದುರಾದರೆ “ಅತ್ತೆ, ಆರೋಗ್ಯನಾ?” ಎಂದು ನಗುತ್ತಾನೆ. ಅಂಥವನ ಹೆಸರನ್ನು ದೇವರ ಹೆಸರಿನಂತೆ ಬಾಯಲ್ಲಿ ಮುಚ್ಚಿಟ್ಟುಕೊಂಡಿದ್ದೀಯಲ್ಲ, ನಿನಗೇನು ಹೇಳಲಿ? ನಿನ್ನನ್ನು ಗಟ್ಟಿಗಿತ್ತಿ ಎಂದು ಬೆಳೆಸಿದೆ. ಗಟ್ಟಿತನವೆಲ್ಲ ಇದಕ್ಕೇ ಖರ್ಚಾಯಿತೇ?

ಹೇಳಿಬಿಡು ತಾಯಿ. ನಿನಗೋಸ್ಕರವಲ್ಲದಿದ್ದರೆ ನನಗೋಸ್ಕರ. ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣೀರಿನಲ್ಲಿ ತಲೆ ತೊಳೆಯಬೇಡ, ಯಾರ ಜೊತೆಗೂ ಮಾತಿಗೆ ಮಾತು ಬೆಳೆಸಬೇಡ. ದೇವರು ನಿನ್ನ ತಲೆ ಕಾಯಲಿ, ನಾಲಿಗೆಗೆ ಧೈರ್ಯ ಕೊಡಲಿ.

ನಿನ್ನನ್ನು ಹೆತ್ತವಳು,
ಅಮ್ಮ

ತಾ.ಕ.: ಸಹಿ ಮಾಡಿದ ಮೇಲೂ ಪೆನ್ನು ಕೆಳಗಿಡಲಾಗುತ್ತಿಲ್ಲ. ನಿನ್ನ ತಂಗಿಯ ಸುದ್ದಿ ಬರೆಯಲಿಲ್ಲವೆಂದು ನೀನು ಗಮನಿಸಿರುತ್ತೀಯ. ನಿನ್ನೆ ಬೆಳಿಗ್ಗೆ ಅವಳ ಬೆನ್ನಿಗೆ ನೀರು ಹಾಕುತ್ತಿದ್ದೆ. ಸೊಂಟದ ಸುತ್ತ ಹಗ್ಗ ಉಜ್ಜಿ ಚರ್ಮ ಕಿತ್ತು ಬಂದಿತ್ತು. ಏನೇ ಇದು ಅಂದೆ. “ಭಾವ ದೊಡ್ಡ ವಕೀಲರನ್ನ ಗೊತ್ತು ಮಾಡಿದ್ದಾರಂತೆ. ಬುಧವಾರ ಇನ್ನೊಂದು ಸಲ ಇಳಿದ್ರೆ ಫೀಸಿಗೆ ಸಾಕಂತೆ, ಅಕ್ಕ ಹೊರಗೆ ಬರ್ತಾಳೆ. ನೀನು ಬಾಯಿ ಬಿಟ್ರೆ ನಾನೂ ಒಳಗೆ ಹೋಗ್ತೀನಿ, ಯೋಚನೆ ಮಾಡಮ್ಮ,” ಅಂದಳು. ಬೈದೆ, ಹೊಡೆದೆ, ಕಾಲು ಹಿಡಿದೆ. ಕೇಳಲಿಲ್ಲ.

ಯೋಚನೆ ಮಾಡಿದೆ. ಪೊಲೀಸ್ ಠಾಣೆಯ ಬಾಗಿಲಿನವರೆಗೆ ಹೋಗಿ, ಹೆತ್ತ ಮಗಳ ಹೆಸರು ಬಾಯಿಂದ ಹೊರಡದೆ ವಾಪಸು ಬಂದೆ. ನಿಮಗೆ ಬರುವ ಕಾಗದಗಳನ್ನು ಅಲ್ಲಿ ಆಫೀಸಿನವರು ಮೊದಲು ಓದುತ್ತಾರಂತಲ್ಲ, ನಾಳೆ ಬೆಳಿಗ್ಗೆ ಇದನ್ನು ನಾನೇ ಗೇಟಿನಲ್ಲಿ ಕೊಡುತ್ತೇನೆ. ಆದ್ದರಿಂದ ಇನ್ನು ಬರೆಯುವುದು ನಿನಗಲ್ಲ.

ಓದುತ್ತಿರುವ ಸಾಹೇಬರೇ, ನೀವು ಯಾರೋ ನನಗೆ ತಿಳಿಯದು. ಬುಧವಾರ, ಬೆಳಕು ಹರಿಯುವ ಹೊತ್ತು, ದೀಪಸ್ತಂಭದ ಆಚೆಯ ಬಂಡೆ. ಮೇಲೆ ನನ್ನ ಅಳಿಯ, ಕೆಳಗೆ ನನ್ನ ಚಿಕ್ಕ ಮಗಳು. ಇಬ್ಬರನ್ನೂ ಹಿಡಿಯಿರಿ, ನಾನು ಬೇಡವೆನ್ನುವುದಿಲ್ಲ. ಅವಳು ಮೇಲೆ ಬಂದು ನೆಲದ ಮೇಲೆ ಕಾಲಿಡುವವರೆಗೆ ಮಾತ್ರ ಯಾರೂ ಕೂಗಬೇಡಿ.